ಉಪ್ಪು ತಿನ್ನಿಸಿದ ಟಗರುಗಳು

ಊರಿನಲ್ಲಿ ನನಗೀಗ ಒಂದು ಹೆಸರು ಬಿದ್ದಿದೆ: ನಾಲ್ಕು ಟಗರು ಕೊಂದ ಬಾಯಾರು. ಸಾಲೆ ಕಲಿಸುವ ಹೆಂಗಸರಿಗೆ ನಮ್ಮ ಕಡೆ ಬಾಯಾರು ಎನ್ನುತ್ತಾರೆ. ಹೆಸರಿನಲ್ಲಿ ಸುಳ್ಳಿಲ್ಲ. ಆ ನಾಲ್ಕು ಟಗರುಗಳು ನಾನು ಕೊಟ್ಟ ನೀರು ಕುಡಿದೇ ಸತ್ತವು. ಆದರೆ ಆ ಹೆಸರಿನ ಹಿಂದೆ ಇನ್ನೊಬ್ಬ ಆರಾಮಾಗಿ ಕಾಲು ಚಾಚಿ ಕುಳಿತಿದ್ದಾನೆ. ಅವನನ್ನು ಯಾರೂ ಎಬ್ಬಿಸಿ ಕೇಳುವುದಿಲ್ಲ. ನಾನು ಕೇಳುತ್ತೇನೆ. ಓದಿ ಯಾರಿಗಾದರೂ ಸಿಟ್ಟು ಬಂದರೆ ಬರಲಿ, ನನಗೆ ಬಂದಷ್ಟು ಬರಲಿಕ್ಕಿಲ್ಲ.

ನಮ್ಮದು ಜತ್ತ ತಾಲೂಕು, ಮಾಡಗ್ಯಾಳದಿಂದ ನಡೆದು ಹೋಗುವಷ್ಟು ದೂರದ ಊರು. ಅಬ್ಬಾ ಟಗರಿನ ವ್ಯಾಪಾರಿ, ಅವರ ಅಬ್ಬಾನೂ ಅದೇ. ಈ ಸೀಮೆಯ ಟಗರು ನೋಡಿದವರಿಗೆ ನಾನು ಹೇಳಬೇಕಾಗಿಲ್ಲ. ನೋಡದವರು ಕೇಳಿ: ಉದ್ದ ಕಾಲು, ಬಿಳಿ ಮೈಮೇಲೆ ಕಂದು ಮಚ್ಚೆ, ಗಿಣಿಯ ಕೊಕ್ಕಿನಂತೆ ಬಾಗಿದ ಮೂಗು. ಅಬ್ಬಾ ತೀರಿಕೊಂಡ ಮೇಲೆ ವ್ಯಾಪಾರ ಅಣ್ಣನ ಕೈಗೆ ಬಂತು. ನಾನು ತಾಲೂಕಿನದೇ ಒಂದು ಕನ್ನಡ ಸಾಲೆಯಲ್ಲಿ ಹದಿಮೂರು ವರ್ಷದಿಂದ ವಿಜ್ಞಾನ ಕಲಿಸುತ್ತೇನೆ. ಮದುವೆಯಾಗಿಲ್ಲ. ಕೇಳಿದವರಿಗೆಲ್ಲ ಕಾರಣ ಹೇಳುವುದನ್ನು ಬಿಟ್ಟು ಬಹಳ ದಿನವಾಯಿತು. ಮನೆಯೊಳಗೆ ನಮ್ಮದು ದಖನಿ ಮಾತು. ಜಗಳ ಶುರುವಾದರೆ ಮಾತ್ರ ಎಲ್ಲರ ಬಾಯಿಂದಲೂ ಕನ್ನಡವೇ ಹೊರಡುತ್ತದೆ. ಹಾಗಾಗಿ ಈ ಕಥೆಯಲ್ಲಿ ದಖನಿಗೆ ಜಾಗವೇ ಸಿಗಲಿಲ್ಲ.

ಅಬ್ಬಾ ತೀರಿಕೊಂಡ ವರ್ಷವೇ ಮನೆಯ ಕುರಿಯೊಂದು ಮರಿ ಹಾಕಿ ಸತ್ತಿತು. ಆ ಮರಿಯನ್ನು ಅಮ್ಮ ಬಾಟ್ಲಿಯಲ್ಲಿ ಹಾಲು ಕುಡಿಸಿ ಬೆಳೆಸಿದಳು. ಮೊದಲ ದಿನವೇ ಹೇಳಿಬಿಟ್ಟಳು, ಇದು ಅವರ ಹೆಸರಿನ ಕುರ್ಬಾನಿಗೆ ಎಂದು. ಬಕ್ರೀದಿನಲ್ಲಿ ತೀರಿಕೊಂಡವರ ಹೆಸರಿನಲ್ಲೂ ಕುರ್ಬಾನಿ ಕೊಡುವ ರೂಢಿ ನಮ್ಮಲ್ಲಿದೆ. ಕೊಡುವ ಪ್ರಾಣಿಗೆ ಊನ ಇರಬಾರದು. ಕುಂಟು ನಡೆಯದು, ಕುರುಡು ನಡೆಯದು. ಅದಕ್ಕೇ ಅಮ್ಮ ಅದರ ಗೊರಸು, ಹಲ್ಲು, ಕಣ್ಣು ದಿನಾ ನೋಡುತ್ತಿದ್ದಳು. ಎರಡು ವರ್ಷದಲ್ಲಿ ಅದು ನನ್ನ ಎದೆಯೆತ್ತರ ಬೆಳೆಯಿತು. ಅಮ್ಮ "ಬೇಟಾ" ಎಂದರೆ ಎಲ್ಲಿದ್ದರೂ ಬಂದು ಅವಳ ಸೆರಗಿಗೆ ಮೂಗು ಹಚ್ಚುತ್ತಿತ್ತು. ಇಷ್ಟು ಹಚ್ಚಿಕೊಂಡದ್ದನ್ನು ಹೇಗೆ ಕೊಡುತ್ತೀ ಎಂದು ಒಮ್ಮೆ ಕೇಳಿದ್ದೆ. "ಹಚ್ಕೊಳ್ಳದ್ದ ಕೊಟ್ರ ಅದೇನ್ ಕೊಟ್ಟಂಗಾತು? ಸಂತ್ಯಾಗ ತಂದು ಕೊಯ್ಯಾಕ ಯಾರಿಗಾದ್ರೂ ಬರತೈತಿ," ಎಂದಳು. ಆ ಟಗರು ಈದ್ ಹಬ್ಬದ ದಿನ ಅಬ್ಬಾನ ಹೆಸರಿಗೆ ಸಲ್ಲಬೇಕು. ಅಮ್ಮನಿಗೆ ಬೇಕಿದ್ದದ್ದು ಅಷ್ಟೇ. ಅವಳು ಎರಡು ವರ್ಷದಲ್ಲಿ ಬೇರೆ ಏನನ್ನೂ ಯಾರಿಂದಲೂ ಕೇಳಿರಲಿಲ್ಲ.

ಇನ್ನು ಉಪ್ಪಿನ ಮಾತು. ಹಿಂದೆ ಟಗರನ್ನು ಕಣ್ಣಂದಾಜಿನಲ್ಲಿ ಕೊಳ್ಳುತ್ತಿದ್ದರು. ಬೆನ್ನು ಅಮುಕಿ ನೋಡುವುದು, ಟವಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವುದು, ಮುಗಿಯಿತು. ಈಗ ದೊಡ್ಡ ಪಟ್ಟಣದ ಗಿರಾಕಿ ಲಾರಿಯಲ್ಲಿ ಕಾಟಾ ಹೇರಿಕೊಂಡೇ ಬರುತ್ತಾನೆ, ಟಗರನ್ನು ಜೀವಂತ ತೂಗುತ್ತಾನೆ. ಕಾಟಾ ಬಂದ ಮೇಲೆ ಅದರ ಹಿಂದೆ ಉಪ್ಪು ಬಂತು. ಭೂಸಾದ ಉಂಡೆಯಲ್ಲಿ ಮುಷ್ಟಿ ಮುಷ್ಟಿ ಉಪ್ಪು ಕಲಸಿ ತಿನ್ನಿಸಬೇಕು. ದಿನವೆಲ್ಲ ನೀರು ತೋರಿಸದೆ ಕಟ್ಟಬೇಕು. ಗಿರಾಕಿ ಬರುವ ತಾಸು ಮೊದಲು ಮುಂದೆ ನೀರು ಇಡಬೇಕು. ಟಗರು ಹೊಟ್ಟೆ ಬಿರಿಯುವಂತೆ ಕುಡಿಯುತ್ತದೆ. ಪಕ್ಕೆ ತುಂಬುತ್ತವೆ, ತೂಕ ಏರುತ್ತದೆ. ಅಬ್ಬಾ ಇದನ್ನು ಎಂದೂ ಮಾಡಲಿಲ್ಲ ಎಂದು ಬರೆಯಲು ನನಗೆ ಆಸೆ. ಅವರ ಕಾಲದಲ್ಲಿ ಕಾಟಾ ಇರಲಿಲ್ಲ ಎಂದಷ್ಟೇ ಬರೆಯಬಲ್ಲೆ.

ಇದು ಮೋಸ ಅಲ್ಲವೇನು ಎಂದು ಅಣ್ಣನನ್ನು ಒಮ್ಮೆ ಹಿಡಿದು ಕೇಳಿದ್ದೆ. ಅವನು ಉಂಡೆ ಕಟ್ಟುತ್ತಲೇ ನಕ್ಕ. "ಉಪ್ಪು ತಿಂದವ್ರು ನೀರು ಕುಡೀಲೇಬೇಕಲ್ಲ," ಎಂದ. ಗಾದೆ ಇರುವುದು ತಪ್ಪು ಮಾಡಿದವನಿಗೆ. ಇವನು ಅದನ್ನು ಬಾಯಿಲ್ಲದ ಪ್ರಾಣಿಗೆ ಹಚ್ಚಿ ನಗುತ್ತಿದ್ದಾನೆ. ಮೈಯೆಲ್ಲ ಉರಿಯಿತು. ಆದರೆ ನಿಜ ಹೇಳುತ್ತೇನೆ, ಆಗ ನಾನು ಉರಿದದ್ದು ಗಿರಾಕಿಗೆ ಆಗುವ ಮೋಸಕ್ಕೆ. ಆ ಉಪ್ಪು ಟಗರಿನ ಒಳಗೆ ಹೋಗಿ ಏನು ಮಾಡುತ್ತದೆ ಎಂದು ನಾನು, ವಿಜ್ಞಾನದ ಬಾಯಾರು, ಒಂದು ಗಳಿಗೆಯೂ ಯೋಚಿಸಲಿಲ್ಲ.

ಆ ವರ್ಷ ಬಕ್ರೀದಿಗೆ ಹತ್ತು ಹನ್ನೆರಡು ದಿನ ಇರುವಾಗ ಅಮ್ಮ ಕರಜಗಿಯಲ್ಲಿರುವ ತನ್ನ ಅಕ್ಕನನ್ನು ನೋಡಲು ಹೊರಟಳು. ಅತ್ತಿಗೆ ಆಗಲೇ ತವರಿಗೆ ಹೋಗಿದ್ದಳು. ನನಗೆ ಅದೇ ಹೊತ್ತಿಗೆ ಜತ್ತದಲ್ಲಿ ಮೂರು ದಿನದ ತರಬೇತಿ. ಬೇಸಿಗೆ ರಜೆಯಲ್ಲೂ ಮಾಸ್ತರರು ನೆರಳಲ್ಲಿ ಕೂತರೆ ಸರಕಾರಕ್ಕೆ ನಿದ್ದೆ ಬರುವುದಿಲ್ಲ. ನಾನು ಅಲ್ಲೇ ಗೆಳತಿಯ ಮನೆಯಲ್ಲಿ ಉಳಿದೆ. ಹೊರಡುವಾಗ ಅಮ್ಮ ಅಣ್ಣನಿಗೂ ನನಗೂ ಒಂದೇ ಮಾತು ಹೇಳಿದ್ದಳು: "ನನ್ನ ಟಗರ ನೋಡ್ಕೋರಿ."

ಅಣ್ಣ ಚಲೋ ನೋಡಿಕೊಂಡ. ನಾಲ್ಕು ಮಾರುವ ಟಗರುಗಳಿಗೆ ಉಪ್ಪಿನ ಉಂಡೆ ತಿನ್ನಿಸಿ ಕಟ್ಟಿದ. ಅವುಗಳ ಜೊತೆ ಅಮ್ಮನ ಟಗರಿಗೂ ತಿನ್ನಿಸಿದ. ಲಾರಿ ಮರುದಿನ ಬರಬೇಕಿತ್ತು, ಬರಲಿಲ್ಲ. ನಾಳೆ ಬರುತ್ತೇವೆ ಎಂದು ಫೋನು ಬಂತು. ನಾಳೆಗಾಗಿ ಅಣ್ಣ ಮತ್ತೆ ಉಂಡೆ ತಿನ್ನಿಸಿದ. ಆ ನಾಳೆಯೂ ಬರಲಿಲ್ಲ, ಫೋನಿನಲ್ಲಿ ಮತ್ತೊಂದು ನಾಳೆಯ ಮಾತು ಬಂತು. ನೀರು ಕೊಟ್ಟುಬಿಟ್ಟರೆ ಹಿಂದಿನ ಉಪ್ಪೆಲ್ಲ ದಂಡ ಎಂಬ ಲೆಕ್ಕದಲ್ಲಿ ಅವನು ನೀರು ಕೊಡಲೇ ಇಲ್ಲ. ಬೇಸಿಗೆಯ ಮೂರು ದಿನ, ತಗಡಿನ ಸೂರಿನ ಕೆಳಗೆ.

ಮೂರನೆಯ ದಿನ ನಾಲ್ಕರ ಬಸ್ಸಿಗೆ ನಾನು ಊರಲ್ಲಿ ಇಳಿದೆ. ಮನೆ ಬಾಗಿಲು ತೆರೆದಿತ್ತು, ಅಣ್ಣ ಇರಲಿಲ್ಲ. ಹಿತ್ತಲಿನ ದಡ್ಡಿಯಲ್ಲಿ ಸದ್ದೇ ಇಲ್ಲ. ಐದು ಟಗರು ಕಟ್ಟಿದ ದಡ್ಡಿ ಅಷ್ಟು ಸುಮ್ಮನಿರುವುದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಹೋಗಿ ನೋಡಿದೆ. ಅವು ಕೂಗುವುದನ್ನೇ ಬಿಟ್ಟಿದ್ದವು. ಒಂದು ಒಣ ಬಾನಿಯ ತಳವನ್ನು ನೆಕ್ಕುತ್ತಿತ್ತು. ಇನ್ನೊಂದರ ನಾಲಿಗೆ ಹೊರಗೆ ಬಿದ್ದು ಮಣ್ಣು ಮೆತ್ತಿಕೊಂಡಿತ್ತು. ಆಚೆ ಮೂಲೆಯ ಗೂಟಕ್ಕೆ ಅಮ್ಮನ ಟಗರು. ಅದರ ಕಣ್ಣು ಗುಳಿಬಿದ್ದಿದ್ದವು. ಬಾಗಿಲಲ್ಲಿ ಉಪ್ಪಿನ ಚೀಲ ಬಾಯಿ ತೆರೆದು ನಿಂತಿತ್ತು.

ಅಣ್ಣ ಎದುರಿಗಿದ್ದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಇರಲಿಲ್ಲವಾದ್ದರಿಂದ ಬಕೆಟ್ ಎತ್ತಿಕೊಂಡೆ. ತೊಟ್ಟಿಯಿಂದ ತುಂಬಿ ತಂದು ಮೊದಲನೆಯದರ ಮುಂದೆ ಇಟ್ಟೆ. ಅದು ಮುಖವನ್ನು ಕಿವಿಯವರೆಗೂ ತುರುಕಿ ಕುಡಿಯಿತು. ಖಾಲಿಯಾಯಿತು, ಮತ್ತೆ ತಂದೆ. ಎರಡನೆಯದಕ್ಕೆ, ಮೂರನೆಯದಕ್ಕೆ, ನಾಲ್ಕನೆಯದಕ್ಕೆ. ಸಾಕು ಎನ್ನುವವರೆಗೂ ಕೊಟ್ಟೆ. ಅವು ಸಾಕು ಎನ್ನಲಿಲ್ಲ. ಸೀರೆ ಮೊಣಕಾಲವರೆಗೆ ತೊಯ್ದಿತ್ತು. ಕಣ್ಣಲ್ಲೂ ನೀರು ಬಂದಿತ್ತು. ದಾಹ ಇಂಗಿಸಿದವರಿಗೆ ದೊಡ್ಡ ಪುಣ್ಯ ಎಂದು ಚಿಕ್ಕವರಿದ್ದಾಗಿನಿಂದ ಕಲಿಸಿದ್ದಾರಲ್ಲ, ಆ ಪುಣ್ಯದ ಸುಖದಲ್ಲೇ ಐದನೆಯದಕ್ಕಾಗಿ ಬಕೆಟ್ ತುಂಬಿದೆ.

ಅಮ್ಮನ ಟಗರಿನ ಮುಂದೆ ಇನ್ನೇನು ಇಡಬೇಕು, ಅಣ್ಣ ಗಾಡಿ ನಿಲ್ಲಿಸಿ ಓಡಿಬಂದು ಬಕೆಟ್ ಕಸಿದುಕೊಂಡ. ನೀರು ಅಂಗಳಕ್ಕೆ ಚೆಲ್ಲಿತು.

"ಏನ್ ಮಾಡಾಕತ್ತಿ ನೀ? ಮುಂಜಾನಿ ಲಾರಿ ಬರತೈತಿ."

"ಮೂರು ದಿನ ಆತಲ್ಲೋ ನೀರಿಲ್ಲದ. ಮನಷ್ಯಾ ಏನ್ ನೀ?"

"ಈಗ ಕುಡಿದಿದ್ದೆಲ್ಲಾ ಮುಂಜಾನಿತನಾ ಉಚ್ಚಿ ಹೊಯ್ಕೊಂಡು ಹೋಗತೈತಿ. ಆಮ್ಯಾಲ ಕಾಟಾದ ಮ್ಯಾಲ ನೀ ನಿಲ್ಲತಿಯೇನು?"

"ಅಮ್ಮನ ಟಗರಿಗ್ಯಾಕ ಉಪ್ಪು ಹಾಕಿದಿ? ಅದು ಮಾರೂದಲ್ಲ."

ಅವನು ಖಾಲಿ ಬಕೆಟ್ಟನ್ನು ಬೋರಲು ಹಾಕಿದ. ಆಮೇಲೆ ಹೇಳಿದ: "ಗಿರಾಕಿ ಫೋನಿನ್ಯಾಗ ಅದರ ಫೋಟೋ ನೋಡ್ಯಾನ. ಅದನ್ನ ಕೊಟ್ರ ಎಲ್ಲಾ ಒಯ್ತೀನಿ ಅಂತಾನ. ಅಮ್ಮಗ ಬ್ಯಾರೆ ತಂದು ಕೊಡ್ತೀನಿ ಬಿಡು. ಅಬ್ಬಾಗ ಯಾವ ಟಗರಾದ್ರೇನು."

ಅಬ್ಬಾಗ ಯಾವ ಟಗರಾದ್ರೇನು. ಇದನ್ನು ಅವನ ಬಾಯಿಂದ ಕೇಳಿದವಳು ನಾನೊಬ್ಬಳೇ, ಅವನಿಗೆ ಈಗ ಅದರ ನೆನಪೂ ಇಲ್ಲವಂತೆ. ನಾನು ಆಡಬಾರದ್ದನ್ನೆಲ್ಲ ಆಡಿದೆ. ಅವನು ದಡ್ಡಿಗೆ ಕೀಲಿ ಜಡಿದು ಕೀಲಿಕೈ ಕಿಸೆಗೆ ಹಾಕಿಕೊಂಡ. ನಾನು ಅಮ್ಮನಿಗೆ ಫೋನು ಮಾಡಿದೆ. ನಿನ್ನ ಟಗರನ್ನು ಮಾರಲು ನಿಂತಿದ್ದಾನೆ, ನೀರಿಲ್ಲದೆ ಕೆಡವಿದ್ದಾನೆ ಎಂದೆ. ಮುಂಜಾನೆಯ ಮೊದಲ ಬಸ್ಸಿಗೆ ಬರುತ್ತೇನೆ ಎಂದಳು. ನಾಲ್ಕಕ್ಕಾದರೂ ನೀರು ಸಿಕ್ಕಿತಲ್ಲ ಎಂಬ ಸಮಾಧಾನದಲ್ಲಿ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಬೆಳಿಗ್ಗೆ ಅಣ್ಣ ಕೀಲಿ ತೆಗೆದು ಅಲ್ಲೇ ನಿಂತುಬಿಟ್ಟ. ನಾನು ಅವನ ಹಿಂದಿನಿಂದ ನೋಡಿದೆ. ಒಂದು ಟಗರು ಸತ್ತು ಬಿದ್ದಿತ್ತು. ಇನ್ನೊಂದು ಹಣೆಯನ್ನು ಗೋಡೆಗೆ ಒತ್ತಿ, ಗೋಡೆಯನ್ನೇ ಆಚೆ ತಳ್ಳುವವರಂತೆ ಕಾಲು ಊರಿ ತಳ್ಳುತ್ತಿತ್ತು. ಮೂರನೆಯದು ಮಲಗಿ ನಾಲ್ಕೂ ಕಾಲನ್ನು ಓಡುವಂತೆ ಬಡಿಯುತ್ತಿತ್ತು. ನಾಲ್ಕನೆಯದು ಹಿಂದೆ ಹಿಂದೆ ನಡೆದು ಕುಕ್ಕರಿಸಿ ಬೀಳುತ್ತಿತ್ತು. ಅದರ ಕಣ್ಣ ಮುಂದೆ ಕೈಯಾಡಿಸಿದೆ, ರೆಪ್ಪೆ ಅಲುಗಲಿಲ್ಲ. ಮೂಲೆಯಲ್ಲಿ ಅಮ್ಮನ ಟಗರು ಮಾತ್ರ ಬಾಯಿ ತೆರೆದು ಏದುತ್ತ, ನಮ್ಮನ್ನು ನೋಡುತ್ತ ನಿಂತಿತ್ತು.

ದನದ ಡಾಕ್ಟರಿಗೆ ಫೋನು ಮಾಡಿದ್ದು ನಾನು. ಅವರು ಬರುವಷ್ಟರಲ್ಲಿ ಮೂರು ಹೋಗಿದ್ದವು, ನಾಲ್ಕನೆಯದು ಅವರ ಕೈಯಲ್ಲೇ ಹೋಯಿತು. ಡಾಕ್ಟರು ಬಾಗಿಲಲ್ಲಿದ್ದ ಚೀಲ ನೋಡಿದರು.

"ಉಪ್ಪು ಎಷ್ಟು ದಿನ ತಿನ್ಸೀರಿ?"

"ಉಪ್ಪಾ? ಸುಮ್ನ ನೆಕ್ಕಾಕ ಇಟ್ಟಿರ್ತೀವ್ರಿ," ಎಂದ ಅಣ್ಣ.

"ಮೂರು ದಿನ," ಎಂದೆ ನಾನು.

"ನೀರು ಯಾರು ಕೊಟ್ರಿ?"

"ನಾನು."

"ಎಷ್ಟು?"

"ಕುಡಿದಷ್ಟು."

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಕೈ ತೊಳೆಯುತ್ತ ಹೇಳಿದರು: "ರಕ್ತದಾಗ ಉಪ್ಪು ಏರಿದ್ರ ಮಿದುಳಿನ ಜೀವಕೋಶದೊಳಗಿನ ನೀರು ಹೊರಗ ಬರತೈತ್ರಿ. ಎರಡು ಮೂರು ದಿನ ಹಂಗ ಆದ್ರ ಅವು ಸುಮ್ಮ ಕುಂದ್ರಂಗಿಲ್ಲ. ಒಣಗಿ ಹೋಗಬಾರದಂತ ತಾವೂ ಒಳಗ ಉಪ್ಪಿನಂಥಾದ್ದನ್ನ ಕೂಡಿಟ್ಕೋತಾವ. ಅಂಥಾ ಹೊತ್ತಿನ್ಯಾಗ ಒಮ್ಮಿಗೇ ಬಕೆಟ್ ಗಟ್ಟಲೆ ನೀರು ಕೊಟ್ರ ಹೊರಗಿನ ರಕ್ತ ತಿಳಿ ಆಗತೈತಿ, ಒಳಗಿಂದು ಗಟ್ಟಿನ ಉಳಿದಿರತೈತಿ. ನೀರು ಒಳಗ ನುಗ್ಗತೈತಿ. ಕೋಶ ಉಬ್ಬತಾವ, ಮಿದುಳೂ ಉಬ್ಬತೈತಿ. ತಲಿಬುರುಡಿ ಹಿಗ್ಗತೈತೇನ್ರಿ?"

ನಾನು ದಡ್ಡಿಯ ಕಟ್ಟೆಯ ಮೇಲೆ ಕುಳಿತೆ. ಈ ಪಾಠ ನನ್ನದು. ಪ್ರತಿ ವರ್ಷ ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಹಾಕಿ ಮಕ್ಕಳಿಗೆ ತೋರಿಸುತ್ತೇನೆ, ಸಂಜೆಗೆ ಅದು ಉಬ್ಬಿ ದುಂಡಗಾಗಿರುತ್ತದೆ. ಆಲೂಗಡ್ಡೆಯ ಹೋಳನ್ನು ಉಪ್ಪು ನೀರಿನಲ್ಲಿ ಹಾಕಿ ತೋರಿಸುತ್ತೇನೆ, ಅದು ಬಾಡಿ ಬಳುಕುತ್ತದೆ. ನೀರು ತಿಳಿಯಾದ ಕಡೆಯಿಂದ ಗಟ್ಟಿಯಾದ ಕಡೆಗೆ ಪೊರೆ ದಾಟಿ ಹರಿಯುತ್ತದೆ ಎಂದು ನಾನು ಹೇಳಿದರೆ ನಲವತ್ತು ಮಕ್ಕಳು ಒಂದೇ ದನಿಯಲ್ಲಿ ತಿರುಗಿ ಹೇಳುತ್ತವೆ. ಪೊರೆ ಎಂಬ ಮಾತು ಬಿಟ್ಟವರಿಗೆ ಅರ್ಧ ಅಂಕ ಕತ್ತರಿಸುತ್ತೇನೆ. ಹದಿಮೂರು ವರ್ಷ ಅರ್ಧರ್ಧ ಅಂಕ ಕತ್ತರಿಸಿದ ಈ ಹೆಂಗಸಿಗೆ, ಮೂರು ದಿನ ಉಪ್ಪು ತಿಂದ ಟಗರಿನೊಳಗೂ ಅದೇ ಪೊರೆ ಇದೆ ಎಂದು ಹೊಳೆಯಲಿಲ್ಲ. ಥೂ ನನ್ನ ಜನ್ಮಕ್ಕೆ. ಪಾಠವನ್ನು ನಾನು ಒಣದ್ರಾಕ್ಷಿಗೆ ಮಾತ್ರ ಕಲಿಸಿದ್ದೆ.

ಡಾಕ್ಟರು ಅಮ್ಮನ ಟಗರನ್ನು ನೋಡಿದರು. ಕಣ್ಣು ಸರಿ ಇತ್ತು, ನಡಿಗೆ ಸರಿ ಇತ್ತು. "ಇದೊಂದು ಕುಡಿದಿಲ್ಲಂದ್ರ ಉಳಿಸಬೌದು. ಅರ್ಧ ತಾಸಿಗೊಂದು ಬಟ್ಟಲ ನೀರು, ಅಷ್ಟ. ಎರಡು ದಿನ ಹಂಗ ಮಾಡ್ರಿ. ಅದು ಎಷ್ಟ್ ಬಡಕೊಂಡ್ರೂ ಹೆಚ್ಚು ಕೊಡಬ್ಯಾಡ್ರಿ," ಎಂದರು. ನೋಡಿ, ಅದು ಉಳಿದದ್ದು ಅಣ್ಣ ಬಕೆಟ್ ಕಸಿದುಕೊಂಡದ್ದಕ್ಕೆ. ಅವನ ದುರಾಸೆ ಒಂದನ್ನು ಉಳಿಸಿತು, ನನ್ನ ಮರುಕ ನಾಲ್ಕನ್ನು ತಿಂದಿತು. ಇದನ್ನು ನೆನೆದರೆ ಇವತ್ತಿಗೂ ಹಲ್ಲು ಕಡಿಯುತ್ತೇನೆ.

ಅಮ್ಮ ಬಂದದ್ದು ಡಾಕ್ಟರು ಹೋದ ಮೇಲೆ. ಸತ್ತ ನಾಲ್ಕನ್ನು ದಾಟಿ ನೇರ ಮೂಲೆಗೆ ಹೋದಳು. "ಬೇಟಾ" ಎಂದಳು. ಟಗರು ಹಗ್ಗ ಹರಿಯುವಂತೆ ಎಳೆದು ಅವಳ ಕೈ ನೆಕ್ಕಿತು, ಬೆವರಿನ ಕೈಯನ್ನು ಬಿಡದೆ ನೆಕ್ಕಿತು. "ನೀರು ತಾ," ಎಂದಳು ನನಗೆ. ನಾನು ಒಂದು ಬಟ್ಟಲು ತಂದೆ. ಅದು ಒಂದೇ ಗುಟುಕಿಗೆ ಹೋಯಿತು. ಟಗರು ಬಟ್ಟಲನ್ನೇ ಕಚ್ಚಿ ಹಿಡಿಯಿತು. "ಇನ್ನೂ ತಾ." ನಾನು ಇಲ್ಲ ಎಂದೆ.

ಅರ್ಧ ತಾಸಿಗೊಂದು ಬಟ್ಟಲು ಎಂದು ಬರೆಯುವುದು ಸುಲಭ. ನಡುವಿನ ಅರ್ಧ ತಾಸು ಆ ಪ್ರಾಣಿಯ ಮುಂದೆ ನಿಲ್ಲಬೇಕು. ನೀರಿನ ರುಚಿ ಸಿಕ್ಕ ಮೇಲೆ ಅದಕ್ಕೆ ದನಿ ಬಂದಿತ್ತು, ಮಗುವಿನಂತೆ ಅರಚುತ್ತಿತ್ತು. ಓಣಿಯ ಹೆಂಗಸರು ಬೇಲಿಗೆ ಬಂದು ನಿಂತರು. "ನೀರು ಬೇಡಿದ ಜೀವಕ್ಕ ಇಲ್ಲ ಅನಬಾರದ್ರಿ ಬಾಯಾರ, ಎಷ್ಟ್ ಸಾಲಿ ಕಲತ್ರೇನು," ಎಂದಳು ಎದುರು ಮನೆಯಾಕೆ. ನಿಮ್ಮ ನಿಮ್ಮ ದಡ್ಡಿಯ ಉಪ್ಪಿನ ಚೀಲ ನೋಡಿಕೊಂಡು ಬಂದು ಮಾತಾಡಿ ಎಂದೆ. ಅವಳು ಸೆರಗು ಬಾಯಿಗಿಟ್ಟುಕೊಂಡಳು.

"ಅಮ್ಮಾ, ಆ ನಾಲ್ಕು ಸತ್ತದ್ದು ನೀರು ಕುಡಿದು," ಎಂದೆ.

"ನೀರು ಕುಡಿದು ಸತ್ತದ್ದನ್ನ ನಾ ನೋಡಿಲ್ಲ, ಕೇಳಿಲ್ಲ. ಉಪ್ಪಿನಿಂದ ಸತ್ತಾವ. ಉಪ್ಪು ಹೆಚ್ಚಾದ್ರ ಸಾರಿಗೆ ಏನ್ ಹಾಕ್ತೀವಿ? ನೀರ ಹಾಕ್ತೀವಿ."

ಅದಕ್ಕೆ ನನ್ನ ಬಳಿ ಉತ್ತರ ಇತ್ತು. ನಲವತ್ತು ಮಕ್ಕಳಿಗೆ ಹೇಳಬಲ್ಲ ಉತ್ತರ. ನಿಧಾನವಾಗಿ ಅವಳನ್ನು ಕೂರಿಸಿ ಹೇಳಬೇಕಿತ್ತು. ನಾನು ಕೂಗಿದೆ. ಜೀವಕೋಶ, ಪೊರೆ, ಮಿದುಳು ಎಂದು ಬೇಲಿಯವರಿಗೂ ಕೇಳುವಂತೆ ಕೂಗಿದೆ. ಅವಳಿಗೆ ಕಂಡದ್ದು ನೀರು ಕೈಯಲ್ಲಿಟ್ಟುಕೊಂಡು ಕೊಡದ ಮಗಳು. ಅವಳು ನನ್ನ ಮುಖವನ್ನೇ ನೋಡಿ ಮೆಲ್ಲಗೆ ಹೇಳಿದಳು: "ಕರ್ಬಲಾದಾಗ ನೀರು ಕೊಡದ್ದಕ್ಕ ಮೊಹರಮ್ಮಿನ್ಯಾಗ ಊರಿಗೆಲ್ಲ ಶರಬತ್ತು ಹಂಚ್ತೀವಿ ನಾವು. ಯಜೀದನ ಸಾಲಿನ್ಯಾಗ ಹೋಗಿ ನಿಂತ್ಯಲ್ಲ ನೀ."

ಯಜೀದ ಎಂದರೆ ಕರ್ಬಲಾದಲ್ಲಿ ಪ್ರವಾದಿಯ ಮೊಮ್ಮಗನಿಗೆ ನೀರು ತಡೆದು ಕೊಲ್ಲಿಸಿದವನು, ನಮ್ಮವರಲ್ಲಿ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಆದರೂ ಮಧ್ಯಾಹ್ನದವರೆಗೆ ನಿಂತೆ. ಬಟ್ಟಲು, ಅರ್ಧ ತಾಸು, ಬಟ್ಟಲು. ಟಗರಿನ ಏದುಸಿರು ಕಡಿಮೆಯಾಗುತ್ತಿತ್ತು. ಅಣ್ಣ ಈ ಹೊತ್ತಿನಲ್ಲಿ ಒಳಗೆ ಕುಳಿತು, ಲಾರಿ ಕಳಿಸಬೇಡಿ ಎಂದು ಗಿರಾಕಿಗೆ ಫೋನಿನಲ್ಲಿ ಸಮಾಧಾನ ಹೇಳುತ್ತಿದ್ದ.

ಸತ್ತವನ್ನು ಹೂಳಲು ಹೊಲದ ಬದುವಿನಲ್ಲಿ ತಗ್ಗು ತೆಗೆಸಿದ್ದೆವು. ಆಳ ಸಾಕೇ ಎಂದು ನೋಡಲು ಡಾಕ್ಟರು ಅಲ್ಲಿಗೇ ಬರುತ್ತೇನೆಂದಿದ್ದರು. ಅಣ್ಣ ಏಳಲಿಲ್ಲ, ನಾನೇ ಹೋದೆ. ಹೆಚ್ಚೆಂದರೆ ಅರ್ಧ ತಾ‌ಸು. ಹೋಗುವ ಮುಂಚೆ ಅಮ್ಮನ ಕೈಗೆ ಬಟ್ಟಲು ಕೊಟ್ಟು, ಒಂದೇ, ಎಂದೆ. ಅವಳು ತಲೆಯಾಡಿಸಿದಳು.

ತಿರುಗಿ ಬಂದಾಗ ಟಗರಿನ ಮುಖ, ಎದೆ ಎಲ್ಲ ಒದ್ದೆ. ಪಕ್ಕದಲ್ಲಿ ತಾಮ್ರದ ಕೊಡ ಅಡ್ಡ ಬಿದ್ದಿತ್ತು. ಅಮ್ಮ ಟಗರಿನ ಕುತ್ತಿಗೆ ತಬ್ಬಿಕೊಂಡು ಕುಳಿತಿದ್ದಳು. ಊರಿಗೆ ಬಂದ ಮೇಲೆ ಮೊದಲ ಸಲ ಅವಳ ಮುಖದಲ್ಲಿ ನಗು. "ನೋಡು, ಹೆಂಗ ತಣ್ಣಗಾತು," ಎಂದಳು.

ನಾನು ಹೇಳಿದೆ. ಹೇಳಿದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ. "ಕೊಂದಿ. ನಿನ್ನ ಕೈಯಾರ ಅಬ್ಬಾನ ಟಗರು ಕೊಂದಿ," ಎಂದೆ.

ಅವಳ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ, "ನೀ ನಾಲ್ಕು ಕೊಂದಿಯಲ್ಲ," ಎಂದಳು. ಅಲ್ಲಿಗೆ ನಮ್ಮಿಬ್ಬರ ಮಾತು ಮುಗಿಯಿತು. ಬಾಗಿಲಲ್ಲಿ ಅಣ್ಣ ನಿಂತಿದ್ದ, ತೊಳೆದ ಕೈ ಒರೆಸಿಕೊಳ್ಳುತ್ತ. ಅವನು ಆ ಮೂರು ದಿನದಲ್ಲಿ ಯಾವ ಟಗರಿಗೂ ಒಂದು ಹನಿ ನೀರು ಕೊಟ್ಟಿರಲಿಲ್ಲ.

ಸಂಜೆಗೆ ಅದೂ ಕಾಲು ಬಡಿಯಲು ಶುರುಮಾಡಿತು. ಡಾಕ್ಟರು ಮತ್ತೆ ಬಂದು ಸೂಜಿ ಚುಚ್ಚಿದರು. ಮೂರು ದಿನ ಅದು ಬದುಕುತ್ತದೋ ಇಲ್ಲವೋ ಗೊತ್ತಾಗಲಿಲ್ಲ. ನಾನು ಒಂದು ಪಕ್ಕ, ಅಮ್ಮ ಒಂದು ಪಕ್ಕ, ಮಾತಿಲ್ಲದೆ ಕುಳಿತೆವು. ನಾಲ್ಕನೆಯ ದಿನ ಎದ್ದು ನಿಂತಿತು. ಅಮ್ಮ ಬೇಟಾ ಎಂದಳು. ಅದು ದನಿಯ ಕಡೆ ತಿರುಗಿ ಎರಡು ಹೆಜ್ಜೆ ಇಟ್ಟು ಕಂಬಕ್ಕೆ ಹಾಯ್ದಿತು. ಡಾಕ್ಟರು ಅದರ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು. "ದೃಷ್ಟಿ ಬಂದ್ರ ಬರಬೌದ್ರಿ. ಹೇಳಾಕ ಬರಂಗಿಲ್ಲ," ಎಂದರು.

ಈದ್ ಹಬ್ಬದ ತನಕ ದೃಷ್ಟಿ ಬರಲಿಲ್ಲ. ಅಮ್ಮ ಮೌಲಾನಾರ ಮನೆಗೆ ಒಬ್ಬಳೇ ಹೋಗಿ ಕೇಳಿ ಬಂದಳು. ಕುರುಡಾದದ್ದು ಕುರ್ಬಾನಿಗೆ ಸಲ್ಲುವುದಿಲ್ಲ, ಕೊಡಬೇಕೆಂಬ ನಿಮ್ಮ ನಿಯತ್ತು ದೇವರಿಗೆ ಮುಟ್ಟಿದೆ, ಬೇರೆಯದು ಕೊಡಿ ಎಂದರಂತೆ. ಅಣ್ಣ ಸಂತೆಯಿಂದ ಬೇರೆ ಟಗರು ತಂದ. ಅಮ್ಮ ಅದರ ಹಲ್ಲನ್ನೂ ನೋಡಲಿಲ್ಲ, ಕಣ್ಣನ್ನೂ ನೋಡಲಿಲ್ಲ.

ಊರಿನ ತುಂಬ ಅಣ್ಣನ ಮಾತು ಓಡಾಡಿತು: "ನಾ ಅಂತೂ ನೀರು ಕೊಡಬ್ಯಾಡ ಅಂದಿದ್ನಿ. ಬಕೆಟ್ ಕಸ್ಕೊಂಡಿದ್ನಿ. ಕೇಳಬೇಕಲ್ಲ ಸಾಲಿ ಕಲತವರು." ಜನ ತಲೆದೂಗಿದರು. ಒಬ್ಬನಾದರೂ ಉಪ್ಪು ಯಾಕೆ ತಿನ್ನಿಸಿದಿ ಎಂದು ಕೇಳಿದನೇ? ಹೇಗೆ ಕೇಳಿಯಾರು, ಮುಂದಿನ ಲಾರಿಗೆ ಅವರ ದಡ್ಡಿಯಲ್ಲೂ ಉಂಡೆ ಕಟ್ಟುತ್ತಿದ್ದರು. ಅಮ್ಮನ ಎದುರಿಗೇ ಅವನು ಈ ಮಾತನ್ನು ನೆಂಟರಿಗೆ ಹೇಳಿದ. ಅವಳು ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ, ಚಹಾ ಸೋಸುತ್ತಿದ್ದಳು. ಮಗ ತಪ್ಪು ಮಾಡಿದರೆ ವ್ಯಾಪಾರ, ಮಗಳು ಮಾಡಿದರೆ ಪಾಪ. ಇದು ಯಾವ ಕಿತಾಬಿನಲ್ಲೂ ಇಲ್ಲ, ನಮ್ಮ ಮನೆಯಲ್ಲಿದೆ.

ಈದ್ ಹಬ್ಬದ ಬೆಳಿಗ್ಗೆ ಗಂಡಸರು ನಮಾಜಿಗೆ ಹೋಗಿದ್ದರು. ನಾನು ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದೆ. ಅಮ್ಮ ಹೊಸ ಸೀರೆಯಲ್ಲಿ ಬಕೆಟ್ ತುಂಬಿಕೊಂಡು ಕುರುಡು ಟಗರಿನ ಮುಂದೆ ಬಂದು ನಿಂತಳು. ಅಷ್ಟು ದಿನ ಅದಕ್ಕೆ ನಾವಿಬ್ಬರೂ ನೀರಿಟ್ಟಿರಲಿಲ್ಲ, ಅದು ತವರಿನಿಂದ ತಿರುಗಿ ಬಂದ ಅತ್ತಿಗೆಯ ಕೆಲಸವಾಗಿತ್ತು. ಅತ್ತಿಗೆ ಒಳಗೆ ಬಿರಿಯಾನಿಗೆ ಅಕ್ಕಿ ಆರಿಸುತ್ತಿದ್ದಳು.

"ಎಷ್ಟ್ ಕೊಡ್ಲಿ?" ಎಂದಳು ಅಮ್ಮ. ಅಂದಿನಿಂದ ನನ್ನೊಡನೆ ಆಡಿದ ಮೊದಲ ಮಾತು.

ಎಷ್ಟು ಉಪ್ಪು ಕೊಟ್ಟಿ ಎಂದು ಮಗನನ್ನು ಕೇಳಿದ್ದೀಯಾ ಎನ್ನಬೇಕೆನಿಸಿತು. ಅವಳ ಕೈ ನೋಡಿದೆ. ಬಕೆಟ್ಟನ್ನು ಟಗರಿಗೆ ಎಟುಕದಷ್ಟು ದೂರ ಹಿಡಿದಿದ್ದಳು.

"ಬೇಕಾದಷ್ಟು ಕೊಡು. ಈಗ ಏನೂ ಆಗೂದಿಲ್ಲ," ಎಂದೆ.

"ಅವತ್ತೂ ಹಂಗ ಅನಿಸಿತ್ತು ನನಗ."

"ನನಗೂ," ಎಂದೆ.

ಅವಳು ಬಕೆಟ್ಟನ್ನು ನನ್ನ ಕಡೆ ಚಾಚಿದಳು. "ನೀನ ಕೊಡು ಹಂಗಾರ." ನಾನು ಎದ್ದು ಹತ್ತಿರ ಹೋದೆ. ಪಾಠದ ಪ್ರಕಾರ ಹೆದರಲು ಏನೂ ಉಳಿದಿರಲಿಲ್ಲ, ಅದರ ರಕ್ತ ಎಂದೋ ಸರಿಹೋಗಿತ್ತು. ಆದರೂ ನನ್ನ ಕೈ ಮುಂದೆ ಹೋಗಲಿಲ್ಲ. ಟಗರು ನೀರಿನ ವಾಸನೆಗೆ ಕುತ್ತಿಗೆ ಚಾಚಿ ಗಾಳಿಯಲ್ಲಿ ಮೂಗಾಡಿಸಿತು, ನಮ್ಮಿಬ್ಬರ ನಡುವೆ ಹುಡುಕಿತು. ನಾವಿಬ್ಬರೂ ಒಂದೇ ಬಕೆಟ್ ಹಿಡಿದು ನಿಂತಿದ್ದೆವು.

ಅಣ್ಣ ನಮಾಜು ಮುಗಿಸಿ ಬಂದ. ಬಿಳಿ ಜುಬ್ಬಾ, ಅತ್ತರಿನ ವಾಸನೆ. "ಏನ್ ನೋಡ್ಕೋತ ನಿಂತೀರಿ ಇಬ್ರೂ? ಪಾಪ, ನೀರಡಿಸೇತಿ ಅದಕ್ಕ," ಎಂದು ನಮ್ಮ ಕೈಯಿಂದ ಬಕೆಟ್ ತೆಗೆದುಕೊಂಡು ಟಗರಿನ ಬಾಯಿಗೆ ಹಿಡಿದ. ಅದು ಗಟಗಟ ಕುಡಿಯಿತು. ಏನೂ ಆಗಲಿಲ್ಲ. ಖಾಲಿ ಬಕೆಟ್ ಕೆಳಗಿಟ್ಟು, ಟಗರಿನ ತಲೆ ಸವರಿ, ನಮ್ಮಿಬ್ಬರಿಗೂ ಈದ್ ಮುಬಾರಕ್ ಹೇಳಿದ.